ಬೇರುಗಂಟಿನ ಕೊಬ್ಬು, ನನ್ನ ಎಣ್ಣೆ ಸೀಸೆ

ಬ್ಯಾಕ್ಟೀರಿಯಾಗಳಿಗೂ ಕೊಬ್ಬಿರುತ್ತದೆ ಎಂದು ತಿಳಿದ ದಿನ ನಾನು ಅದನ್ನು ಮನೆಯಲ್ಲಿ ಹೇಳಲಿಲ್ಲ. ಹುಳ ಬೆಳೆಸುವ ಕೆಲಸಕ್ಕೆ ಸೊಸೆ ಹೋಗುತ್ತಾಳೆ ಎಂಬುದನ್ನೇ ಅತ್ತೆಯವರು ಕಷ್ಟಪಟ್ಟು ನುಂಗಿಕೊಂಡಿದ್ದರು. ಆ ಹುಳಗಳ ಕೊಬ್ಬು ತೆಗೆಯುವ ಕೆಲಸ ಎಂದಿದ್ದರೆ ನನ್ನನ್ನು ಅಡಿಗೆಮನೆಗೇ ಬಿಡುತ್ತಿರಲಿಲ್ಲ.

ಇದು ಎಪ್ಪತ್ತರ ದಶಕದ ಮಾತು. ನಮ್ಮ ಮನೆ ಇದ್ದದ್ದು ರಾಜಾಜಿನಗರದಲ್ಲಿ. ಅಲ್ಲಿಂದ ನಡೆದುಹೋಗುವಷ್ಟು ದೂರದಲ್ಲಿ, ಒಂದು ಬಾಡಿಗೆ ಕಟ್ಟಡದ ಮಹಡಿಯ ಮೇಲೆ, ಚಿಕ್ಕದೊಂದು ಸಂಶೋಧನಾ ಪ್ರಯೋಗಾಲಯವಿತ್ತು. ಅಲ್ಲಿ ಗಾಜಿನ ಸಾಮಾನು ತೊಳೆದು, ದ್ರಾವಣಗಳನ್ನು ಮಾಡಿಕೊಡುತ್ತಿದ್ದ ಸಹಾಯಕಿ ಹೆರಿಗೆಗೆಂದು ತವರಿಗೆ ಹೋದಳು. ಪ್ರಯೋಗಾಲಯದ ಮುಖ್ಯಸ್ಥರ ಹೆಂಡತಿ ನಮ್ಮ ಶನಿವಾರದ ಭಜನೆಗೆ ಬರುತ್ತಿದ್ದರು. ನಾನು ಪಿ.ಯು.ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವಳೆಂದು ಅವರಿಗೆ ನೆನಪಿತ್ತು. ‘ನಿಮ್ಮ ಕೈ ಶುದ್ಧ ರೀ, ಅಲ್ಲಿ ಬೇಕಾಗಿರೋದು ಅದೇ’ ಎಂದು ಅವರು ಹೇಳಿದ ಮಾತು ಮುಂದೆ ಎಷ್ಟೋ ಸಲ ನನ್ನನ್ನು ಚುಚ್ಚಿತು.

ಮನೆಯಿಂದ ಹೊರಡುವ ಮೊದಲ ದಿನ ಅತ್ತೆಯವರು ಜಗಲಿಯ ಮೇಲೆ ಕೂತಿದ್ದರು.

‘ಬಂದ ಮೇಲೆ ಸ್ನಾನ ಮಾಡ್ದೆ ಒಳಗೆ ಕಾಲಿಡ್ಬೇಡ ಕಣೇ.’

‘ಆಗ್ಲತ್ತೆ.’

‘ಸೀರೆನೂ ನೆನೆಹಾಕ್ಬಿಡು. ಹುಳ ಸೆರಗಲ್ಲಿ ಕೂತ್ಕೊಂಡು ಬಂದ್ರೆ ನಂಗೇನು ಗೊತ್ತಾಗತ್ತೆ?’

ನನ್ನ ಯಜಮಾನರು ಪೇಪರಿನ ಹಿಂದೆ ನಕ್ಕರು. ನನಗೆ ನಗು ಬರಲಿಲ್ಲ. ಆದರೂ ಬೇಡ ಎನ್ನಲಿಲ್ಲವಲ್ಲ, ಅದೇ ದೇವರ ದಯೆ ಎಂದುಕೊಂಡು ಹೊರಟೆ.

ನಾನು ಸಹಾಯ ಮಾಡಬೇಕಾಗಿದ್ದದ್ದು ಒಬ್ಬ ಸಂಶೋಧನಾ ವಿದ್ಯಾರ್ಥಿನಿಗೆ. ಇಪ್ಪತ್ತೈದು ಇಪ್ಪತ್ತಾರರ ಹುಡುಗಿ. ವಿಜಯನಗರದಲ್ಲಿ ಸೋದರಮಾವನ ಮನೆಯಲ್ಲಿದ್ದಳು. ಬೇಳೆಕಾಳಿನ ಗಿಡಗಳ ಬೇರಿನಲ್ಲಿ ಗಂಟುಗಳಿರುತ್ತವೆ, ಆ ಗಂಟುಗಳೊಳಗೆ ಬ್ಯಾಕ್ಟೀರಿಯಾಗಳಿರುತ್ತವೆ, ಅವು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಗೊಬ್ಬರ ಮಾಡಿ ಕೊಡುತ್ತವೆ. ಇಷ್ಟು ನನಗೂ ಓದಿ ಗೊತ್ತಿತ್ತು. ಅವಳ ಪ್ರಶ್ನೆ ಇನ್ನೂ ಒಳಗಿನದು. ಆ ಬ್ಯಾಕ್ಟೀರಿಯಾದ ಮೈಗೆ ಎರಡು ಪೊರೆಗಳಿವೆ. ಹೊರಪೊರೆಯಲ್ಲಿ ಒಂದು ವಿಚಿತ್ರ ಕೊಬ್ಬಿದೆ. ಅದರ ರಚನೆ ಏನು?

‘ಅಕ್ಕ, ಒಂದು ಮಣೆ ಅಂದ್ಕೊಳ್ಳಿ,’ ಎಂದು ಅವಳು ಮೊದಲನೆಯ ವಾರವೇ ಕಾಗದದ ಮೇಲೆ ಬರೆದು ತೋರಿಸಿದಳು. ‘ಎರಡು ಸಕ್ಕರೆ ಕೂಡಿಸಿ ಮಾಡಿದ ಮಣೆ. ಅದರ ಕೆಳಗೆ ಕಾಲುಗಳು. ಕಾಲುಗಳೇ ಕೊಬ್ಬು. ಅವು ಪೊರೆಯೊಳಗೆ ಊರ್ಕೊಂಡಿರ್ತವೆ. ಮಣೆ ಮೇಲಿಂದ ಸಕ್ಕರೆಯ ಸರ ಹೊರಗಡೆ ಇಳಿಬಿದ್ದಿರತ್ತೆ, ಸೆರಗಿನ ಕುಚ್ಚಿನ ಹಾಗೆ.’

‘ಕಾಲು ಎಷ್ಟು?’

‘ಅದೇ ನನ್ನ ಥೀಸಿಸ್ಸು ಅಕ್ಕ. ಕಾಲು ಎಷ್ಟು, ಒಂದೊಂದು ಎಷ್ಟುದ್ದ.’

ಉದ್ದವನ್ನು ಇಂಗಾಲದ ಪರಮಾಣುಗಳಲ್ಲಿ ಎಣಿಸುತ್ತಾರೆ. ಮನುಷ್ಯರ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳಲ್ಲಿ ಹನ್ನೆರಡು, ಹದಿನಾಲ್ಕು ಇಂಗಾಲದ ಕಾಲುಗಳಿವೆ ಎಂದು ಹೊರದೇಶದವರು ಕಂಡುಕೊಂಡಿದ್ದರಂತೆ. ನಮ್ಮ ಮಣ್ಣಿನ ಬ್ಯಾಕ್ಟೀರಿಯಾದ್ದು ಸರಿಯಾಗಿ ಗೊತ್ತಿರಲಿಲ್ಲ. ಥೀಸಿಸ್ಸಿನ ಮೂರು ಅಧ್ಯಾಯ ಮುಗಿದಿದ್ದವು. ನಾಲ್ಕನೆಯದು ಈ ಕಾಲುಗಳದ್ದು. ಅವಳ ಫೆಲೋಶಿಪ್ಪು ಮುಂದಿನ ಬೇಸಿಗೆಗೆ ಮುಗಿಯುವುದಿತ್ತು. ಅಷ್ಟರೊಳಗೆ ಒಪ್ಪಿಸದಿದ್ದರೆ ನಾಲ್ಕು ವರ್ಷದ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ಇಬ್ಬರೂ ಬೇರು ತರಲು ನಾಗರಬಾವಿ ಕಡೆಯ ಅವರೆ ಹೊಲಗಳಿಗೆ ಹೋದೆವು. ಹೊಲದ ಯಜಮಾನಿ ಸೊಂಟದ ಮೇಲೆ ಕೈಯಿಟ್ಟು ನಿಂತು, ‘ಗಿಡಾನೇ ಕಿತ್ಕೊಂಡ್ರೆ ಕಾಯಿ ಎಲ್ಲಿಂದ ಬರ್ತದವ್ವಾ? ಬೇರು ತಿನ್ನೋರ್ನ ಇವತ್ತೇ ನೋಡಿದ್ದು’ ಎಂದಳು. ಹುಡುಗಿ ಒಂದು ಗಂಟನ್ನು ಬ್ಲೇಡಿನಿಂದ ಸೀಳಿ ಅವಳಿಗೆ ತೋರಿಸಿದಳು. ಒಳಗೆ ಮಾಂಸದಂತೆ ಕೆಂಪು. ಗಿಡದ ಬೇರಿನೊಳಗೆ ನೆತ್ತರ ಬಣ್ಣ ಕಂಡು ನನಗೆ ಮೈ ಜುಮ್ಮೆಂದಿತು. ಆ ಹೆಂಗಸು ಬಗ್ಗಿ ನೋಡಿ, ತಾನೇ ಇನ್ನೆರಡು ಗಿಡ ಕಿತ್ತುಕೊಟ್ಟಳು.

ಕೆಲಸದ ಕ್ರಮ ಹೀಗಿತ್ತು. ಗಂಟಿನಿಂದ ತೆಗೆದ ಬ್ಯಾಕ್ಟೀರಿಯಾವನ್ನು ಸಕ್ಕರೆಯಂಥ ಒಂದು ಪುಡಿ ಮತ್ತು ಯೀಸ್ಟಿನ ಸಾರ ಹಾಕಿದ ನೀರಿನಲ್ಲಿ ಬೆಳೆಸುವುದು. ಫ್ಲಾಸ್ಕುಗಳು ನಾಲ್ಕೈದು ದಿನ ಯಂತ್ರದ ಮೇಲೆ ತೂಗಾಡುತ್ತಿದ್ದವು. ಆಮೇಲೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ತಳದಲ್ಲಿ ಗಂಜಿಯಂತೆ ಕೂರುತ್ತಿತ್ತು. ಆ ಗಂಜಿಗೆ ನೀರು, ಫೀನಾಲ್ ಸೇರಿಸಿ ಅರವತ್ತೆಂಟು ಡಿಗ್ರಿಯಲ್ಲಿ ಕಲಕುವುದು. ತಣ್ಣಗಾದಾಗ ಎರಡು ಪದರಗಳು ಬೇರೆಯಾಗುತ್ತವೆ. ನಮಗೆ ಬೇಕಾದದ್ದು ಮೇಲಿನ ನೀರಿನ ಪದರ. ಅದನ್ನು ತೆಳುವಾದ ಚೀಲದಲ್ಲಿ ಕಟ್ಟಿ ಮೂರು ದಿನ ಹರಿಯುವ ನೀರಿನಲ್ಲಿಟ್ಟರೆ ಫೀನಾಲ್ ಹೊರಟುಹೋಗುತ್ತದೆ. ರಾಜಾಜಿನಗರದಲ್ಲಿ ಮೂರು ದಿನ ಎಡೆಬಿಡದೆ ನೀರು ಹರಿಯುವುದೆಂದರೆ ನಗುವ ಮಾತು. ನಲ್ಲಿ ನಿಂತ ಹೊತ್ತಿನಲ್ಲಿ ನಾನು ಬಕೆಟ್ಟಿನಲ್ಲಿ ತುಂಬಿಟ್ಟ ನೀರನ್ನು ಗಂಟೆಗೊಮ್ಮೆ ಬದಲಾಯಿಸುತ್ತಿದ್ದೆ. ಒಮ್ಮೆ ಚೀಲದ ಗಂಟು ಸಡಿಲಾಗಿ ಹದಿನೈದು ದಿನದ ಕೆಲಸ ಬಚ್ಚಲಿಗೆ ಹೋಯಿತು. ಅದು ಅವಳು ಕಟ್ಟಿದ ಗಂಟು, ನಾನು ಕಟ್ಟಿದ್ದಲ್ಲ. ಅಷ್ಟಕ್ಕೇ ನಾನು ದೇವರಿಗೆ ಕೈಮುಗಿದಿದ್ದೆ. ಎಂಥ ಸಣ್ಣತನ ಎಂದು ಈಗ ಅನಿಸುತ್ತದೆ.

ಚೀಲದಿಂದ ಹೊರಬಂದದ್ದಕ್ಕೆ ಆಲ್ಕೊಹಾಲ್ ಸೇರಿಸಿ ಇಳಿಸಿ ಒಣಗಿಸಿದರೆ ಬಿಳೀ ಪುಡಿ. ಅದೇ ಕುಚ್ಚು, ಮಣೆ, ಕಾಲು ಎಲ್ಲ ಸೇರಿದ್ದು. ಪುಡಿಯನ್ನು ನೂರಕ್ಕೆ ಒಂದು ಪಾಲು ಅಸಿಟಿಕ್ ಆಮ್ಲದಲ್ಲಿ ಒಂದೂವರೆ ಗಂಟೆ ಕುದಿಸಿದರೆ ಕುಚ್ಚು ಕಳಚಿ, ಕಾಲುಳ್ಳ ಮಣೆ ಚೂರುಚೂರಾಗಿ ಕೆಳಗಿಳಿಯುತ್ತದೆ. ಅದನ್ನು ಕ್ಲೋರೋಫಾರಂನಲ್ಲಿ ಎಳೆದುಕೊಳ್ಳಬೇಕು. ಈ ಹಂತಕ್ಕೆ ಒಂದು ಗಾಜಿನ ಬುರುಡೆ ಬೇಕು. ಮೇಲೆ ಮುಚ್ಚಳ, ಕೆಳಗೆ ಗಾಜಿನದೇ ನಲ್ಲಿ. ಲ್ಯಾಬಿನಲ್ಲಿ ಅದಕ್ಕೆ ಸೆಪರೇಟಿಂಗ್ ಫನೆಲ್ ಎನ್ನುತ್ತಿದ್ದರು. ಒಳ್ಳೆಯದು ಒಂದೇ ಇತ್ತು, ಹೊರದೇಶದ್ದು.

ಗೌರಿಹಬ್ಬ ಕಳೆದ ವಾರ ಆ ನಲ್ಲಿ ಕಚ್ಚಿಕೊಂಡುಬಿಟ್ಟಿತು. ಹುಡುಗಿ ತಿರುಗಿಸಿ ತಿರುಗಿಸಿ ಬೆರಳು ಕೆಂಪಾಗಿತ್ತು. ಬರ್ನರಿನ ಉರಿಗೆ ಹಿಡಿಯಲು ಹೊರಟಳು.

‘ತಾಳಮ್ಮಾ, ಒಡೆದೀತು,’ ಎಂದೆ.

ಗಂಗಾಜಲದ ತಾಮ್ರದ ತಂಬಿಗೆಯ ಮುಚ್ಚಳ ಕಚ್ಚಿಕೊಂಡರೆ ನಮ್ಮಲ್ಲಿ ಮಾಡುವುದೇನು? ಸುತ್ತ ಒಂದು ತೊಟ್ಟು ಎಣ್ಣೆ ಬಿಟ್ಟು, ಬಿಸಿನೀರಿನ ಬಟ್ಟೆ ಸುತ್ತಿ ಇಡುತ್ತೇವೆ. ಕ್ರೋಮಿಕ್ ಆಮ್ಲದಲ್ಲಿ ಗಾಜು ತೊಳೆದು ತೊಳೆದು ನನ್ನ ಕೈ ಬಿರಿಯುತ್ತಿತ್ತು. ಅದಕ್ಕೆ ಹಚ್ಚಿಕೊಳ್ಳಲು ಚೀಲದಲ್ಲಿ ತೆಂಗಿನೆಣ್ಣೆಯ ಪುಟ್ಟ ಸೀಸೆ ಇಟ್ಟುಕೊಂಡಿರುತ್ತಿದ್ದೆ. ಅದರಿಂದಲೇ ತೊಟ್ಟು ಬಿಟ್ಟೆ. ಮಾರನೆಯ ಬೆಳಿಗ್ಗೆ ನಲ್ಲಿ ಬೆಣ್ಣೆಯಂತೆ ತಿರುಗಿತು.

ಮುಖ್ಯಸ್ಥರು ಬಂದು ನೋಡಿದರು. ಅವರು ಮಿತಭಾಷಿ. ‘ಭೇಷ್’ ಎಂದರು, ಅಷ್ಟೆ. ಆ ಒಂದು ಮಾತು ನಾನು ಮನೆಯವರೆಗೂ ಹೊತ್ತುಕೊಂಡು ಹೋದೆ.

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಮತ್ತೆ ಕಚ್ಚಿಕೊಳ್ಳಬಾರದೆಂದು, ಪ್ರತಿ ಸಲ ತೊಳೆದು ಒಣಗಿಸಿದ ಮೇಲೆ ಉಂಗುರ ಬೆರಳ ತುದಿಯಲ್ಲಿ ಎಣ್ಣೆ ಮುಟ್ಟಿಸಿ ನಲ್ಲಿಯ ಕೀಲಿಗೆ ಸವರಿ ಇಡುವುದನ್ನು ರೂಢಿ ಮಾಡಿಕೊಂಡೆ. ಕೀಲಿಗೆ ಹಚ್ಚಲೆಂದೇ ತರಿಸುತ್ತಿದ್ದ ಗ್ರೀಸು ಮುಗಿದು ತಿಂಗಳಾಗಿತ್ತು, ಹೊಸದು ಬಂದಿರಲಿಲ್ಲ. ಒಂದು ದಿನ ಹುಡುಗಿ ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತ, ತಲೆಯೆತ್ತದೆ ಕೇಳಿದಳು.

‘ಅಕ್ಕ, ನಲ್ಲಿಗೆ ಗ್ರೀಸು ಹಾಕ್ತಿದೀರ ಅಲ್ವಾ?’

‘ಹೂಂ,’ ಎಂದೆ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ನನ್ನ ಮನಸ್ಸಿನಲ್ಲಿ ಎಣ್ಣೆಯೂ ಗ್ರೀಸೂ ಒಂದೇ ಕೆಲಸದ್ದಾಗಿತ್ತು.

ಕೊನೆಯ ಹಂತ ನಮ್ಮಲ್ಲಿ ಆಗುತ್ತಿರಲಿಲ್ಲ. ಕೊಬ್ಬನ್ನು ಮೆಥನಾಲಿನೊಡನೆ ಗಾಜಿನ ಕೊಳವೆಯಲ್ಲಿ ಬೆಸೆದು ಬಿಸಿ ಮಾಡಿ ಕಾಲುಗಳನ್ನು ಬಿಡಿಸಿ, ಊರಿನ ಇನ್ನೊಂದು ತುದಿಯ ದೊಡ್ಡ ಸಂಸ್ಥೆಗೆ ಒಯ್ಯಬೇಕಿತ್ತು. ಅಲ್ಲಿ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಎಂಬ ಯಂತ್ರವಿತ್ತು. ಬಿಸಿಗೆ ಆವಿಯಾದ ಕಾಲುಗಳು ಉದ್ದನೆಯ ಕೊಳವೆಯೊಂದರಲ್ಲಿ ಸಾಲಾಗಿ ಹೊರಬರುತ್ತವೆ. ಗಿಡ್ಡವು ಮೊದಲು, ಉದ್ದದವು ಆಮೇಲೆ. ಒಂದೊಂದು ಬಂದಾಗಲೂ ಪೆನ್ನು ಕಾಗದದ ಸುರುಳಿಯ ಮೇಲೆ ಒಂದು ಗೋಪುರ ಬರೆಯುತ್ತದೆ. ಎರಡು ವಾರಕ್ಕೊಮ್ಮೆ ನಮ್ಮ ಸರದಿ. ಹುಡುಗಿ ಎರಡು ಬಸ್ಸು ಹಿಡಿದು ಹೋಗಿ ಸುರುಳಿಯೊಡನೆ ಬರುತ್ತಿದ್ದಳು.

ನವರಾತ್ರಿಗೆ ಮುಂಚೆ ಬಂದ ಸುರುಳಿಯನ್ನು ಅವಳು ಮೇಜಿನ ಮೇಲೆ ಬಿಡಿಸಿದಳು. ಹನ್ನೆರಡರ ಜಾಗದಲ್ಲಿ ಎತ್ತರದ ಗೋಪುರ. ಅದರ ಮುಂದೆ ಹದಿನಾಲ್ಕರದು, ಸ್ವಲ್ಪ ಗಿಡ್ಡ. ಇನ್ನುಳಿದವು ಅವುಗಳ ಕಾಲಡಿಯಲ್ಲಿ ಗುಡ್ಡಗಳಂತೆ.

ಮುಖ್ಯಸ್ಥರು ಕನ್ನಡಕ ಏರಿಸಿ ಇಳಿಸಿ ನೋಡಿದರು. ‘ಕರುಳಿನದರ ಹಾಗೇ ಇದೆಯಲ್ಲಮ್ಮಾ ಇದು,’ ಎಂದರು. ‘ರೋಗ ತರೋದಕ್ಕೂ ಗೊಬ್ಬರ ಕೊಡೋದಕ್ಕೂ ಒಂದೇ ಕಾಲು. ಹಾಗಿದ್ರೆ ಗಿಡ ಹ್ಯಾಗೆ ಗುರುತು ಹಿಡಿಯತ್ತೆ, ಇವನು ನೆಂಟ, ಇವನು ಕಳ್ಳ ಅಂತ?’

ಅವರು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದ್ದು. ಇನ್ನೆರಡು ಸಲ ಮಾಡಿದರು. ಎರಡು ಸಲವೂ ಅದೇ ಗೋಪುರ. ಸಂಕ್ರಾಂತಿಯ ನಂತರ ನಡೆಯುವ ವಿಜ್ಞಾನಿಗಳ ಸಭೆಯಲ್ಲಿ ಹುಡುಗಿ ಇದನ್ನು ಓದುವುದೆಂದಾಯಿತು. ಸಾರಾಂಶ ಟೈಪಾಗಿ ಅಂಚೆಗೆ ಹೋಯಿತು. ಈ ನಡುವೆ ಬಂದ ಆಯುಧಪೂಜೆಯ ದಿನ ನಾನು ಆ ಫನೆಲ್ಲಿಗೂ ಕುಂಕುಮವಿಟ್ಟೆ.

ಕಾರ್ತಿಕದ ಒಂದು ಮಧ್ಯಾಹ್ನ. ಹುಡುಗಿ ಸಭೆಗೆ ಸಿದ್ಧಳಾಗುತ್ತಿದ್ದಳು. ಹೋಲಿಸಿ ನೋಡಲು ಶುದ್ಧವಾದ ಹನ್ನೆರಡರ ಆಮ್ಲ ತೂಗಿಕೊಡಿ ಎಂದು ಒಂದು ಸೀಸೆ ಕೊಟ್ಟಳು. ಒಳಗೆ ಬಿಳೀ ಹಳಕು. ಚೀಟಿಯ ಮೇಲೆ ಲಾರಿಕ್ ಆಸಿಡ್ ಎಂದಿತ್ತು.

‘ಇದೇನಾ ನಮ್ಮ ಕಾಲು?’

‘ಅದೇ ಅಕ್ಕ.’

‘ಇಷ್ಟೊಂದನ್ನ ಯಾವ ಬ್ಯಾಕ್ಟೀರಿಯಾದಿಂದ ತೆಗೆದ್ರು?’

ಅವಳು ನಕ್ಕಳು. ‘ಬ್ಯಾಕ್ಟೀರಿಯಾದಿಂದ ಎಲ್ಲಿ ತೆಗೀತಾರೆ. ತೆಂಗಿನೆಣ್ಣೆಯಿಂದ. ಅದರಲ್ಲಿ ಹತ್ರತ್ರ ಅರ್ಧ ಇದೇ ಇರತ್ತೆ. ಆಮೇಲೆ ಹದಿನಾಲ್ಕರದು.’

ಅವಳು ಮತ್ತೆ ತನ್ನ ಕೆಲಸಕ್ಕೆ ತಿರುಗಿದಳು. ನನ್ನ ಕೈಯಲ್ಲಿದ್ದ ಚಮಚ ತಕ್ಕಡಿಯ ತಟ್ಟೆಗೆ ತಾಗಿ ಟಿಂಗೆಂದಿತು. ಅದನ್ನು ಕೆಳಗಿಟ್ಟೆ. ಎದುರಿನ ಕಪಾಟಿನಲ್ಲಿ ಫನೆಲ್ಲು ತಲೆಕೆಳಗಾಗಿ ನಿಂತಿತ್ತು. ಆ ಬೆಳಿಗ್ಗೆಯೇ ಅದರ ಕೀಲಿಗೆ ಬೆರಳು ಮುಟ್ಟಿಸಿದ್ದೆ. ಕ್ಲೋರೋಫಾರಂ ಎಣ್ಣೆಯನ್ನು ಕರಗಿಸುತ್ತದೆ. ಪಿ.ಯು.ಸಿ. ಓದಿದವಳಿಗೆ ಇದು ಗೊತ್ತಿಲ್ಲವೆ? ಗೊತ್ತಿತ್ತು. ಎಂದೂ ಜೋಡಿಸಿ ನೋಡಿರಲಿಲ್ಲ, ಅಷ್ಟೆ. ಹತ್ತು ಲೀಟರು ಬೆಳೆಸಿದರೆ ಕೊನೆಗೆ ಉಗುರಿನ ತುದಿಯಷ್ಟು ಕೊಬ್ಬು. ಅದರ ಎದುರು ನನ್ನ ಬೆರಳ ತುದಿಯ ಎಣ್ಣೆ ಬೆಟ್ಟ.

 ಹೊರಗೆ ಮಾಮೂಲಿನಂತೆ ಯಾವುದೋ ಕಾರ್ಖಾನೆಯ ಸೈರನ್ ಕೂಗಿತು. ‘ಅಕ್ಕ, ತೂಗಿದ್ರಾ?’ ಎಂದು ಅವಳು ಕೇಳಿದಳು. ತೂಗಿ ಕೊಟ್ಟೆ. ನಾನು ಹೇಗೆ ತೂಗಿದೆನೋ ನನಗೆ ಗೊತ್ತಿಲ್ಲ.

ಮನೆಗೆ ಬಂದು ಸ್ನಾನ ಮಾಡಿ ದೀಪ ಹಚ್ಚಲು ಕೂತರೆ ಎಣ್ಣೆಯ ಗಿಂಡಿ ಮುಟ್ಟಲು ಕೈ ಬರಲಿಲ್ಲ. ಯಜಮಾನರು ಕಾಫಿ ಕುಡಿಯುತ್ತಿದ್ದರು. ಅವರಿಗೆ ಹೇಳಿದೆ. ಅವರು ಲೋಟ ಕೆಳಗಿಟ್ಟರು.

‘ನೀನು ಹೇಳ್ದಿದ್ರೆ ಯಾರಿಗಾದ್ರೂ ಗೊತ್ತಾಗತ್ತಾ?’

‘ಗೊತ್ತಾಗಲ್ಲ.’

‘ಇನ್ಮೇಲೆ ಹಚ್ಬೇಡ. ಆಯ್ತಲ್ಲ.’

ಅವರು ಕೆಟ್ಟವರಲ್ಲ. ನನಗೆ ಅವಮಾನವಾಗಬಾರದೆಂದು ಹೇಳಿದ ಮಾತು. ಅಷ್ಟರಲ್ಲಿ ಬಾಗಿಲ ಬಳಿ ಬತ್ತಿ ಹೊಸೆಯುತ್ತಿದ್ದ ಅತ್ತೆಯವರು ತಲೆಯೆತ್ತಿದರು. ನಾವು ಮಾತಾಡಿದ್ದರಲ್ಲಿ ಅವರಿಗೆ ಎಷ್ಟು ಅರ್ಥವಾಗಿತ್ತೋ.

‘ಏನೇ ಅದು, ಅವರು ಮಾಡಿದ್ದರಲ್ಲಿ ನಿನ್ನ ಎಣ್ಣೆ ಬಿದ್ದಿದೆಯಾ?’

‘ಹೂಂ ಅತ್ತೆ.’

‘ನೈವೇದ್ಯದ ಪಾಯಸದಲ್ಲಿ ಕೂದಲು ಬಿದ್ರೆ ಎತ್ತಿಹಾಕಿ ದೇವರ ಮುಂದಿಡ್ತೀಯಾ?’

‘ಇಲ್ಲ.’

‘ಏನ್ಮಾಡ್ತೀಯಾ?’

‘ಚೆಲ್ಲಿ ಮತ್ತೆ ಮಾಡ್ತೀನಿ.’

‘ಮತ್ತೆ ಕೇಳೋದೇನಿದೆ?’ ಎಂದು ಬತ್ತಿಯ ಕಡೆ ತಿರುಗಿದರು.

ಹತ್ತು ವರ್ಷ ಅವರ ಮಡಿಯ ಬಗ್ಗೆ ನಾನು ಒಳಗೊಳಗೇ ಗೊಣಗಿಕೊಂಡಿದ್ದೆ. ಆ ಸಂಜೆ, ನಮ್ಮ ಲ್ಯಾಬಿನಲ್ಲಿ ಇರಬೇಕಾಗಿದ್ದವರು ಇವರೇ ಅನ್ನಿಸಿತು.

ಮರುದಿನ ಹುಡುಗಿಗೆ ಹೇಳಿದೆ. ಸೀಸೆಯನ್ನು ಮೇಜಿನ ಮೇಲಿಟ್ಟು, ಯಾವಾಗಿನಿಂದ, ಎಷ್ಟು, ಯಾವ ಕೀಲಿಗೆ, ಎಲ್ಲ ಹೇಳಿದೆ. ಅವಳು ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಎರಡೂ ಇಲ್ಲ. ಸ್ಟೂಲಿನ ಮೇಲೆ ಕೂತು ಸೀಸೆಯನ್ನೇ ನೋಡಿದಳು. 

‘ಮೊದಲೇ ಬ್ಲಾಂಕ್ ಮಾಡಿದ್ದೆನಲ್ಲ ಅಕ್ಕ. ಏನೂ ಬಂದಿರಲಿಲ್ಲ.’

ಬ್ಲಾಂಕ್ ಎಂದರೆ ಬ್ಯಾಕ್ಟೀರಿಯಾ ಇಲ್ಲದೆ, ಬರೀ ದ್ರಾವಣಗಳಿಂದ ಮೊದಲಿನಿಂದ ಕೊನೆಯವರೆಗೆ ಅದೇ ಕೆಲಸ ಮಾಡಿ ನೋಡುವುದು. ಬೇಳೆ ಹಾಕದೆ ಸಾರು ಕುದಿಸಿ ಪಾತ್ರೆಯ ರುಚಿ ನೋಡಿದ ಹಾಗೆ.

‘ಅದು ಮಾಡಿದ್ದು ಆಷಾಢದಲ್ಲಿ ಕಣಮ್ಮಾ. ನಲ್ಲಿ ಕಚ್ಚಿಕೊಂಡಿದ್ದು ಗೌರಿಹಬ್ಬ ಆದ್ಮೇಲೆ.’

ಅವಳು ಕಣ್ಣು ಮುಚ್ಚಿಕೊಂಡಳು. ಆಮೇಲೆ ತೀರ ಮೆಲ್ಲಗೆ, ‘ಯಾರಿಗೂ ಹೇಳ್ಬೇಡಿ ಅಕ್ಕ’ ಎಂದಳು.

ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಒಂದು ಹೂಂ ಅಂದದ್ದರ ಫಲ ಮೇಜಿನ ಮೇಲಿತ್ತು. ಆ ದಿನವೆಲ್ಲ ಗಾಜು ತೊಳೆದೆ.  ನಾಳೆಯೂ ಅವಳು ಸುಮ್ಮನಿದ್ದರೆ ಮುಖ್ಯಸ್ಥರ ಕೋಣೆಗೆ ನಾನೇ ಹೋಗುವುದೆಂದು ನಿರ್ಧರಿಸಿಕೊಂಡು ಮನೆಗೆ ಹೋದೆ. ಹೋದರೆ ಅವಳ ಕೈಯನ್ನು ನಾನು ಎರಡನೆಯ ಸಲ ಕತ್ತರಿಸಿದಂತೆ. ಹೋಗದಿದ್ದರೆ ಅವಳು ನೂರು ಜನರ ಎದುರು ನಿಂತು ನನ್ನ ತೆಂಗಿನೆಣ್ಣೆಯನ್ನು ಅವರೆಯ ಬ್ಯಾಕ್ಟೀರಿಯಾದ ರಚನೆ ಎಂದು ಓದುತ್ತಾಳೆ.

ಮರುದಿನ ಬೆಳಿಗ್ಗೆ ಮೆಟ್ಟಿಲು ಹತ್ತುವಾಗಲೇ ಫೀನಾಲಿನ ವಾಸನೆ. ನನಗಿಂತ ಮುಂಚೆ ಅವಳು ಬಂದಿದ್ದಳು. ಬಿಸಿನೀರಿನ ತೊಟ್ಟಿ ಅರವತ್ತೆಂಟು ತೋರಿಸುತ್ತಿತ್ತು. ಒಳಗೆ ಎರಡು ಫ್ಲಾಸ್ಕು, ಎರಡರಲ್ಲೂ ಗಂಜಿಯಿರಲಿಲ್ಲ.

‘ಖಾಲಿ ಬ್ಲಾಂಕ್ ಮಾಡೋಣ ಅಕ್ಕ. ಎರಡು. ಒಂದಕ್ಕೆ ನೀವು ದಿನಾ ಹಚ್ಚೋ ಹಾಗೇ ಎಣ್ಣೆ ಹಚ್ಚಿಕೊಡಿ. ಕಮ್ಮಿನೂ ಬೇಡ, ಜಾಸ್ತಿನೂ ಬೇಡ. ಇನ್ನೊಂದಕ್ಕೆ ಫನೆಲ್ನ ಕ್ಲೋರೋಫಾರಂನಲ್ಲೇ ತೊಳೆದು ಒಣಗಿಸಿ.’

‘ಕ್ಲೋರೋಫಾರಂ ಉಳಿದಿರೋದೇ ಒಂದು ಬಾಟ್ಲಿ ಅಲ್ವೇನಮ್ಮಾ?’

‘ಅದಕ್ಕೇ ಇಷ್ಟು ದಿನ ಬ್ಲಾಂಕ್ ಮಾಡ್ಲಿಲ್ಲ ಅಕ್ಕ. ಉಳಿಸಿ ಏನಾಯ್ತು?’

ಜೀವನದಲ್ಲಿ ಎಷ್ಟೋ ಸಲ ಬೆರಳಿಗೆ ಎಣ್ಣೆ ಮುಟ್ಟಿಸಿದ್ದೇನೆ. ಅಷ್ಟು ಜಾಗರೂಕತೆಯಿಂದ ಎಂದೂ ಮುಟ್ಟಿಸಿರಲಿಲ್ಲ. ಅವಳು ಪಕ್ಕದಲ್ಲಿ ನಿಂತು ನೋಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಒಂದು ಸಮಾಧಾನದ ಸಂಗತಿ ಆಗ ಬೆಳಕಿಗೆ ಬಂತು. ಹಿಂದಿನ ಬೆಳೆಗಳ ಬಿಳೀ ಪುಡಿ ಎರಡು ಸಣ್ಣ ಸೀಸೆ ಉಳಿದಿತ್ತು. ಅದು ಫನೆಲ್ಲಿಗೆ ಹೋಗುವ ಮುಂಚಿನದು, ಎಣ್ಣೆ ಕಾಣದ್ದು. ಅದನ್ನೂ ತೊಳೆದ ಫನೆಲ್ಲಿನಲ್ಲಿ ಮಾಡಿದೆವು. ಮೂರು ಕೊಳವೆಗಳನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟುಕೊಂಡು ಅವಳು ಬಸ್ಸು ಹತ್ತಿದಳು. ಈ ಸಲ ನನ್ನನ್ನೂ ಕರೆದುಕೊಂಡು ಹೋದಳು.

ಯಂತ್ರದ ಎದುರು ನಿಂತು ನಾನು ಪೆನ್ನನ್ನು ನೋಡಿದೆ. ಮೊದಲನೆಯದು ಎಣ್ಣೆ ಹಚ್ಚಿದ ಖಾಲಿ. ಕೆಲವು ನಿಮಿಷ ಗೆರೆ ನೆಟ್ಟಗೆ ಹೋಯಿತು. ದೇವರೇ, ಹೀಗೇ ಹೋಗಲಿ ಎಂದುಕೊಂಡೆ. ಆಮೇಲೆ ಪೆನ್ನು ಮೇಲೇಳತೊಡಗಿತು. ಹನ್ನೆರಡರ ಗೋಪುರ. ಅದರ ಮುಂದೆ ಹದಿನಾಲ್ಕು. ಒಂದೇ ಒಂದು ಬ್ಯಾಕ್ಟೀರಿಯಾ ಇಲ್ಲದ ನೀರಿನಲ್ಲಿ, ಮೂರು ಸಲ ಬಂದಿದ್ದ ಅದೇ ಚಿತ್ರ.  ಹುಡುಗಿ ನನ್ನ ಮೊಣಕೈ ಹಿಡಿದುಕೊಂಡಿದ್ದಳು. ಬಿಡಲಿಲ್ಲ.

ಎರಡನೆಯ ಖಾಲಿಯಲ್ಲಿ ಗೆರೆ ಕೊನೆಯವರೆಗೂ ನೆಟ್ಟಗಿತ್ತು.

ಮೂರನೆಯದು ಪುಡಿಯದು. ಹನ್ನೆರಡರ ಜಾಗ ಬೋಳು. ಆಮೇಲೆ, ಮೊದಲು ಗೋಪುರಗಳ ಕಾಲಡಿಯಲ್ಲಿ ಗುಡ್ಡಗಳಂತಿದ್ದವೇ ಒಂದೊಂದಾಗಿ ಎದ್ದವು. ಕಾಲಿನ ಮೇಲೆ ಆಮ್ಲಜನಕದ ಒಂದು ಮೊಳೆ ಇರುವಂಥ ಕೊಬ್ಬುಗಳು ಅವು ಎಂದು ಹುಡುಗಿ ಪಿಸುಗುಟ್ಟಿದಳು. ಎಲ್ಲ ಮುಗಿಯಿತೆಂದು ಯಂತ್ರ ನೋಡಿಕೊಳ್ಳುವಾತ ಸ್ವಿಚ್ಚು ಆರಿಸಲು ಮರೆತು ಊಟಕ್ಕೆ ಹೋದ. ನಾವು ಬೆಂಚಿನ ಮೇಲೆ ಕೂತು ಚಿತ್ರಾನ್ನದ ಡಬ್ಬಿ ತೆಗೆದೆವು.  ಬಹಳ ಹೊತ್ತಾದ ಮೇಲೆ ನೋಡಿದರೆ ಪೆನ್ನು ಮತ್ತೆ ಮೆಲ್ಲಗೆ ಏಳುತ್ತಿತ್ತು. ಅಗಲವಾದ, ಸೋಮಾರಿಯಾದ ಒಂದು ದಿಬ್ಬ.

‘ಇದೇನಮ್ಮಾ?’

‘ಗೊತ್ತಿಲ್ಲ ಅಕ್ಕ. ಇಷ್ಟು ಹೊತ್ತಿಗೆ ಬರ್ಬೇಕಾದ್ರೆ ತುಂಬಾ ಉದ್ದದ ಕಾಲಿರ್ಬೇಕು. ಇಷ್ಟುದ್ದದ್ದು ಇರಲ್ಲ.’ ಅವಳು ಎದ್ದು ಹೋಗಿ ಯಂತ್ರದ ಹತ್ತಿರ ನಿಂತಳು. ‘ನಾವು ಪ್ರತಿ ಸಲ ಇಷ್ಟೊತ್ತಿಗೆ ಆರಿಸ್ಬಿಡ್ತಿದ್ವಿ.’

ಮುಖ್ಯಸ್ಥರ ಮೇಜಿನ ಮೇಲೆ ಮೂರು ಸುರುಳಿಗಳನ್ನೂ ಬಿಡಿಸಿಟ್ಟು ಅವಳು ಹೇಳಿದಳು. ನನ್ನ ಹೆಸರು ಬರದ ಹಾಗೆ, ‘ಕೀಲಿಗೆ ಎಣ್ಣೆ ತಗಲಿತ್ತು ಸಾರ್’ ಎಂದಳು. ನಾನು ಬಾಗಿಲಲ್ಲಿ ನಿಂತಿದ್ದೆ.

‘ತಗಲಿದ್ದಲ್ಲ ಸಾರ್, ನಾನು ಹಚ್ಚಿದ್ದು,’ ಎಂದೆ.

ಅವರು ತಲೆಯೆತ್ತಿದರು. ‘ಎಷ್ಟು ಹಚ್ತಿದ್ರಿ?’

‘ಬೆರಳ ತುದಿ.’

‘ಯಾವ ಬೆರಳು?’

ಇದೆಂಥ ಪ್ರಶ್ನೆ ಎಂದು ತಬ್ಬಿಬ್ಬಾದೆ. ಉಂಗುರ ಬೆರಳು ತೋರಿಸಿದೆ. ಕುಂಕುಮ ಇಡುವ ಬೆರಳು. ಅವರು ಅದನ್ನೇ ನೋಡಿದರು.

‘ಮೂರು ತಿಂಗಳು ನಾವು ಈ ಬೆರಳಿನ ಕೆಮಿಸ್ಟ್ರಿ ಮಾಡಿದೀವಿ,’ ಎಂದರು. ನಕ್ಕರೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ ಹುಡುಗಿಯ ಕಡೆ ತಿರುಗಿ, ‘ಬ್ಲಾಂಕ್ ಮತ್ತೆ ಬೇಡ, ಕ್ಲೋರೋಫಾರಂ ದಂಡ ಅಂದಿದ್ದು ಯಾರು?’ ಎಂದು ಕೇಳಿದರು.

ಉತ್ತರವನ್ನೂ ಅವರೇ ಕೊಟ್ಟರು.

‘ನಾನು. ಹನ್ನೆರಡು ಬರ್ಲಿ ಅಂತ ಕಾಯ್ತಾ ಕೂತಿದ್ದೋನೂ ನಾನೇ. ಬೇಕಾಗಿದ್ದು ಬಂತು, ನೋಡೋದು ನಿಲ್ಲಿಸ್ಬಿಟ್ಟೆ.’

ನನ್ನನ್ನು ನಾಳೆಯಿಂದ ಬರಬೇಡಿ ಎನ್ನುತ್ತಾರೆಂದು ಕಾದೆ. ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು ನಿಂತಿದ್ದೆ. ಅವರು ಸುರುಳಿಗಳನ್ನು ಸುತ್ತಿ ರಬ್ಬರ್‌ಬ್ಯಾಂಡ್ ಹಾಕಿದರು.

‘ನಾಳೆ ಬನ್ನಿ ಅಮ್ಮಾ. ಎಣ್ಣೆ ಸೀಸೆ ಮಾತ್ರ ಮನೇಲಿರ್ಲಿ.’

ಈ ಎಲ್ಲದರಲ್ಲಿ ನನಗೆ ಹೆಚ್ಚು ದಿಗ್ಭ್ರಮೆ ತಂದದ್ದು ಯಾವುದೆಂದರೆ ಇದೇ ಮಾತು. ಬೈಗುಳಕ್ಕೆ ಸಿದ್ಧಳಾಗಿದ್ದೆ, ಇದಕ್ಕೆ ಸಿದ್ಧಳಾಗಿರಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ನಲ್ಲಿಯಲ್ಲಿ ನೀರೂ ಇತ್ತು ಆ ಹೊತ್ತಿನಲ್ಲಿ, ಅದೊಂದು ಪುಣ್ಯ.

ಅಲ್ಲಿಂದ ಬೇಸಿಗೆಯವರೆಗೆ ನಾವು ಎಲ್ಲವನ್ನೂ ಮೊದಲಿನಿಂದ ಮಾಡಿದೆವು. ಪ್ರತಿ ಬೆಳೆಯ ಪಕ್ಕದಲ್ಲೂ ಒಂದು ಖಾಲಿ. ಕೀಲಿಗೆ ಏನೂ ಹಚ್ಚುತ್ತಿರಲಿಲ್ಲ. ಕಚ್ಚಿಕೊಳ್ಳದಿರಲೆಂದು ತೊಳೆದ ಮೇಲೆ ನಲ್ಲಿಯ ಸಂದಿನಲ್ಲಿ ಕಾಗದದ ಒಂದು ಪಟ್ಟಿ ಸಿಕ್ಕಿಸಿ ಇಡುತ್ತಿದ್ದೆ. ಕ್ರೋಮಿಕ್ ಆಮ್ಲಕ್ಕೆ ಬಿರಿದ ಕೈಗೆ ಮನೆಗೆ ಹೋದ ಮೇಲೇ ಎಣ್ಣೆ. ಸಂಕ್ರಾಂತಿಯ ನಂತರದ ಸಭೆಯಲ್ಲಿ ಹುಡುಗಿ ನಿಂತು, ನಾವು ಕಳಿಸಿದ ಸಾರಾಂಶ ತಪ್ಪು, ಹನ್ನೆರಡೂ ಹದಿನಾಲ್ಕೂ ನಮ್ಮ ಗಾಜಿನಿಂದ ಬಂದವು ಎಂದು ಹೇಳಿ ಆಮೇಲೆ ಉಳಿದದ್ದನ್ನು ಓದಿದಳಂತೆ. ಒಂದಿಬ್ಬರು ನಕ್ಕರಂತೆ. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ನಗದೆ, ಯಾವ ಕೀಲು, ಎಷ್ಟು ಎಣ್ಣೆ ಎಂದು ಕೇಳಿ ತಮ್ಮ ಪುಸ್ತಕದಲ್ಲಿ ಬರೆದುಕೊಂಡರಂತೆ. ಕೊನೆಯ ಆ ಸೋಮಾರಿ ದಿಬ್ಬ ಪ್ರತಿ ಸಲವೂ ಬಂತು. ಖಾಲಿಯಲ್ಲಿ ಒಮ್ಮೆಯೂ ಬರಲಿಲ್ಲ. ಏನೆಂದು ಅವರಿಗೆ ತಿಳಿಯಲಿಲ್ಲ. ‘ಗೊತ್ತಿಲ್ಲ ಅಂತಲೇ ಬರಿ’ ಎಂದರು ಮುಖ್ಯಸ್ಥರು.

ಫೆಲೋಶಿಪ್ಪು ಮುಗಿಯಲು ಆರು ದಿನ ಉಳಿದಿರುವಾಗ ಅವಳು ಥೀಸಿಸ್ಸು ಒಪ್ಪಿಸಿದಳು. ಬೈಂಡ್ ಮಾಡಿಸಿದ ಒಂದು ಪ್ರತಿಯನ್ನು ತೋರಿಸಲು ನಮ್ಮ ಮನೆಗೆ ತಂದಳು. ದೇವರ ಮುಂದಿಟ್ಟು ಕುಂಕುಮ ಹಚ್ಚಿದೆ. ರಟ್ಟಿನ ಮೇಲೆ ಮಾತ್ರ, ಒಳಗೆ ಮುಟ್ಟಲಿಲ್ಲ. ಅವಳು ನಾಲ್ಕನೆಯ ಅಧ್ಯಾಯದ ವಿಧಾನದ ಪುಟ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟಳು. ಇಂಗ್ಲಿಷಿನಲ್ಲಿತ್ತು. ಗಾಜಿನ ಕೀಲುಗಳಿಗೆ ಯಾವುದೇ ಜಿಡ್ಡನ್ನು ಹಚ್ಚಿಲ್ಲ, ಎಂದು. ಮುಂದೆ ಏನೂ ಇಲ್ಲ, ಯಾಕೆ ಎಂದೂ ಇಲ್ಲ. ಆ ಸಾಲನ್ನು ಎರಡು ಸಲ ಓದಿದೆ.

ಅವಳು ಹೋದ ಮೇಲೆ ಅತ್ತೆಯವರು ಕೇಳಿದರು. ‘ಅಷ್ಟು ದಪ್ಪ ಪುಸ್ತಕ. ಅದರಲ್ಲಿ ನಿನ್ನ ವಿಷಯ ಏನಾದ್ರೂ ಬರೆದಿದಾಳೇನೇ?’

‘ಒಂದು ಸಾಲು ಬರೆದಿದಾಳೆ ಅತ್ತೆ.’

‘ಏನಂತ?’

‘ಇವರು ಎಣ್ಣೆ ಹಚ್ಚಲಿಲ್ಲ ಅಂತ.’

ಅತ್ತೆಯವರು ಒಂದು ಕ್ಷಣ ನನ್ನ ಮುಖ ನೋಡಿದರು. ‘ಮಡಿ ಅಂದ್ರೆ ಅಷ್ಟೇ ಕಣೇ,’ ಎಂದು ಬತ್ತಿಯ ತಟ್ಟೆ ನನ್ನ ಕಡೆ ಸರಿಸಿದರು. ‘ಹೊತ್ತಾಯ್ತು, ದೀಪ ಹಚ್ಚು.’